ಆಕಾಶದ ಬೂದಿ, ಎದೆಯೊಳಗಿನ ದೂಳು: ಜ್ವಾಲಾಮುಖಿ ದೂಳು ಉಸಿರಿಗೆ ಮಾಡುವುದೇನು?

2025ರ ನವೆಂಬರ್ 23ರಂದು ಇಥಿಯೋಪಿಯಾದ ಅಫಾರ್ ಪ್ರಾಂತ್ಯದಲ್ಲಿ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ದಾಖಲೆಗೆ ಸಿಕ್ಕಂತೆ ಅದು ಸಿಡಿದದ್ದು ಅದೇ ಮೊದಲು. ಬೂದಿಯ ಮೋಡ ಸುಮಾರು 14 ಕಿ.ಮೀ. ಎತ್ತರಕ್ಕೆ ಏರಿತು. ಕೆಂಪು ಸಮುದ್ರ, ಯೆಮನ್, ಓಮನ್, ಅರಬ್ಬಿ ಸಮುದ್ರಗಳನ್ನು ದಾಟಿ ಮರುದಿನ ರಾತ್ರಿಯ ಹೊತ್ತಿಗೆ ಗುಜರಾತ್, ರಾಜಸ್ಥಾನ, ದೆಹಲಿಯ ಆಕಾಶಕ್ಕೆ ಬಂದು, ಅಲ್ಲಿಂದ ಚೀನಾದ ಕಡೆ ಸಾಗಿತು. ಹಲವು ವಿಮಾನಗಳು ರದ್ದಾದವು. ಮುಂಬೈ, ಪುಣೆಯ ಮನೆಗಳಲ್ಲಿ ಕಿಟಕಿ ಮುಚ್ಚಬೇಕೇ, ಮಕ್ಕಳನ್ನು ಶಾಲೆಗೆ ಕಳಿಸಬಹುದೇ ಎಂಬ ಪ್ರಶ್ನೆ ಎದ್ದದ್ದು ಸಹಜ.

ಅದೇ ವಾರ ಬಾಂಬೆ ಹೈಕೋರ್ಟಿನಲ್ಲಿ ಮುಂಬೈಯ ಹದಗೆಟ್ಟ ಗಾಳಿಯ ವಿಚಾರಣೆ ನಡೆಯುತ್ತಿತ್ತು. ಸರ್ಕಾರಿ ವಕೀಲರು ಇಥಿಯೋಪಿಯಾದ ಬೂದಿಯನ್ನೂ ಕಾರಣವಾಗಿ ಹೇಳಿದಾಗ ನ್ಯಾಯಪೀಠ ಒಪ್ಪಲಿಲ್ಲ. ಜ್ವಾಲಾಮುಖಿ ಸಿಡಿಯುವ ಮೊದಲೂ ಈ ಊರಿನಲ್ಲಿ ದೂರದ್ದು ಕಾಣುತ್ತಿರಲಿಲ್ಲ ಎಂದಿತು. ವಿಜ್ಞಾನದ ಲೆಕ್ಕವೂ ಅದನ್ನೇ ಹೇಳುತ್ತದೆ. ದೂಳಿನ ಹೆಸರು ಕೇಳಿ ಹೆದರುವುದರಲ್ಲೂ ಅರ್ಥವಿಲ್ಲ, ಹೆಸರು ಕೇಳಿ ಸುಮ್ಮನಿರುವುದರಲ್ಲೂ ಅರ್ಥವಿಲ್ಲ. ಕೇಳಬೇಕಾದದ್ದು ನಾಲ್ಕು: ಕಣ ಎಷ್ಟು ಸಣ್ಣದು, ಯಾವುದರಿಂದ ಆದದ್ದು, ನಮ್ಮ ಮೂಗಿನಿಂದ ಎಷ್ಟು ದೂರದಲ್ಲಿದೆ, ಎಷ್ಟು ಕಾಲ ಉಸಿರಿನೊಳಗೆ ಹೋಗುತ್ತದೆ.

ಮೊದಲು ದೂರದ ಲೆಕ್ಕ, ಏಕೆಂದರೆ ಅದು ಸುಲಭ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ಕೂದಲಿಗಿಂತ ತುಸು ದಪ್ಪಗಿನ, 100 ಮೈಕ್ರಾನಿನ ಕಲ್ಲುಕಣ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಕೆಳಗಿಳಿಯುತ್ತದೆ. 10 ಕಿ.ಮೀ. ಎತ್ತರದಿಂದ ನೆಲ ಮುಟ್ಟಲು ಐದೂವರೆ ತಾಸು ಸಾಕು. ಅದೇ 10 ಮೈಕ್ರಾನಿನ ಕಣ ಸೆಕೆಂಡಿಗೆ ಮುಕ್ಕಾಲು ಸೆಂಟಿಮೀಟರಿನಷ್ಟೇ ಇಳಿಯುತ್ತದೆ, ಅದಕ್ಕೆ ಹದಿನೈದು ದಿನ ಬೇಕು. 2.5 ಮೈಕ್ರಾನಿನದಕ್ಕೆ, ಗಾಳಿ ಅಲುಗದೆ ನಿಂತಿದ್ದರೆ, ಎಂಟು ತಿಂಗಳು. ಅಫಾರಿನಿಂದ ಮುಂಬೈಗೆ ಸುಮಾರು ಮೂರೂವರೆ ಸಾವಿರ ಕಿ.ಮೀ. ಮೇಲಿನ ಗಾಳಿ ತಾಸಿಗೆ ನೂರು, ನೂರಹತ್ತು ಕಿ.ಮೀ. ವೇಗದಲ್ಲಿ ಬೀಸಿದರೆ ಒಂದೂವರೆ ದಿನದ ದಾರಿ. ಅಷ್ಟರಲ್ಲಿ ದಪ್ಪ ಕಣವೆಲ್ಲ ಕೆಂಪು ಸಮುದ್ರದ ಆಚೀಚೆಗೇ ಉದುರಿಹೋಗಿರುತ್ತದೆ. ಸಣ್ಣದು ತಲೆಯ ಮೇಲೆ ಹತ್ತು ಕಿ.ಮೀ. ಎತ್ತರದಲ್ಲೇ ದಾಟಿಹೋಗುತ್ತದೆ. ಹಾಗಾಗಿಯೇ ವಿಮಾನಕ್ಕೆ ಅಪಾಯ, ಕೆಳಗೆ ನಡೆಯುವವರಿಗೆ ಇಲ್ಲ. ನೆಲಮಟ್ಟದ ಗಾಳಿಯ ಗುಣಮಟ್ಟಕ್ಕೆ ಇದರಿಂದ ತೊಂದರೆಯಿಲ್ಲ ಎಂದು ಹವಾಮಾನ ಇಲಾಖೆ ಹೇಳಿದ್ದರ ಹಿಂದಿನ ಲೆಕ್ಕವೂ ಇದೇ.

ವಿಮಾನಕ್ಕೆ ಏನಾಗುತ್ತದೆ ಎಂಬುದಕ್ಕೆ ಮುಂಬೈಯ ನಂಟಿರುವ ಒಂದು ಉದಾಹರಣೆ ಇದೆ. 1982ರ ಜೂನ್ 24ರಂದು ಲಂಡನ್ನಿನಿಂದ ಬಾಂಬೆ, ಕೌಲಾಲಂಪುರದ ಮೂಲಕ ಆಕ್ಲೆಂಡಿಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್‌ನ ಜಂಬೋ ವಿಮಾನ ಜಾವಾದ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ನಾಲ್ಕೂ ಎಂಜಿನ್ ನಿಂತುಹೋದವು. ಬೂದಿಯ ಗಾಜು ಎಂಜಿನ್ನಿನ ಬಿಸಿಗೆ ಕರಗಿ, ಒಳಗಿನ ಭಾಗಗಳ ಮೇಲೆ ಮತ್ತೆ ಗಟ್ಟಿಯಾಗಿ ಅಂಟಿಕೊಂಡಿತ್ತು. ವಿಮಾನ ಬೂದಿಯಿಂದ ಕೆಳಗಿಳಿದ ಮೇಲೆ ಎಂಜಿನ್ನುಗಳು ಮತ್ತೆ ಹೊತ್ತಿಕೊಂಡು, ಜಕಾರ್ತಾದಲ್ಲಿ ಕ್ಷೇಮವಾಗಿ ಇಳಿಯಿತು. ರಾತ್ರಿ ಹಾರಾಟ, ಸಾಮಾನ್ಯ ರೇಡಾರಿಗೆ ಒಣ ಬೂದಿ ಕಾಣುವುದಿಲ್ಲ. ಇಂದು ಉಪಗ್ರಹ ನೋಡಿ ಮೊದಲೇ ಎಚ್ಚರಿಸುವ ವ್ಯವಸ್ಥೆ ಇರುವುದು ಇಂಥ ಅನುಭವಗಳಿಂದಲೇ.

ದೂರದ ಬೂದಿ ನಮ್ಮ ನೆಲಕ್ಕೆ ಯಾವತ್ತೂ ಬೀಳುವುದಿಲ್ಲ ಎಂದೂ ಅಲ್ಲ. ಪುಣೆ ಜಿಲ್ಲೆಯ ಬೋರಿ ಎಂಬಲ್ಲಿ ಕುಕಡಿ ನದಿಯ ದಂಡೆಯಲ್ಲಿ ಜ್ವಾಲಾಮುಖಿ ಬೂದಿಯ ಪದರ ಸಿಕ್ಕಿದೆ. ಅದು ಮೂರು ಸಾವಿರ ಕಿ.ಮೀ.ಗೂ ದೂರದ ಸುಮಾತ್ರಾದ ಟೋಬಾದಿಂದ ಬಂದದ್ದು. ಆದರೆ ಟೋಬಾ ಸಿಡಿದ ಗಾತ್ರವೇ ಬೇರೆ. ಅಂಥ ಸಿಡಿತ ಮನುಷ್ಯರು ಇತಿಹಾಸ ಬರೆದಿಡಲು ಶುರು ಮಾಡಿದ ಮೇಲೆ ಆಗಿಲ್ಲ.

ಬೂದಿ ಅಲ್ಲದ ಬೂದಿ

ಬೂದಿ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಒಲೆಯ ಬೂದಿ, ಹಣೆಗೆ ಹಚ್ಚುವ ವಿಭೂತಿ ಮೆತ್ತಗಿರುತ್ತವೆ. ಬೆರಳಲ್ಲಿ ತಿಕ್ಕಿದರೆ ನುಣ್ಣಗಾಗುತ್ತವೆ. ಅವು ಸುಟ್ಟು ಉಳಿದದ್ದು. ಜ್ವಾಲಾಮುಖಿಯಲ್ಲಿ ಸುಡುವಂಥದ್ದೇನೂ ಇಲ್ಲ. 2 ಮಿಲಿಮೀಟರಿಗಿಂತ ಸಣ್ಣದಾಗಿ ಒಡೆದ ಕಲ್ಲು ಮತ್ತು ಗಾಜಿಗೆ ಅಲ್ಲಿ ಬೂದಿ ಎಂಬ ಹೆಸರು ಬಂದಿದೆ, ಅಷ್ಟೆ. ಊರಲ್ಲಿ ಪಾತ್ರೆ ತಿಕ್ಕಲು ಬಳಸುತ್ತಿದ್ದ ಬೂದಿಯ ಹಾಗೆ ಇದನ್ನು ಬಳಸಿದರೆ ಸ್ಟೀಲ್ ಪಾತ್ರೆಯ ಮೈಯೆಲ್ಲ ಗೀರಾಗುತ್ತದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ಒಂದು ಚಿಟಿಕೆ ದಪ್ಪ ಬೂದಿ ಇಟ್ಟು ನೋಡಿದರೆ ಒಡೆದ ಬಳೆಚೂರಿನ ರಾಶಿಯ ಹಾಗೆ ಕಾಣುತ್ತದೆ. ಬಾಗಿದ, ತೆಳ್ಳಗಿನ, ಅಂಚು ಚೂಪಾದ ಗಾಜಿನ ಚೂರುಗಳು. ನಡುನಡುವೆ ಮೂರು ಕವಲಿನ ತುಂಡುಗಳೂ ಸಿಗುತ್ತವೆ. ಭೂಮಿಯೊಳಗಿನ ಕರಗಿದ ಕಲ್ಲಿನಲ್ಲಿ ನೀರು ಬೆರೆತಿರುತ್ತದೆ. ಮೇಲೇರುತ್ತ ಒತ್ತಡ ಇಳಿದಾಗ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಅದು ಆವಿಯಾಗಿ ನೊರೆಯೇಳುತ್ತದೆ. ಆ ನೊರೆ ಗಟ್ಟಿಯಾಗುತ್ತಿದ್ದಂತೆಯೇ ಸಿಡಿದು ಚೂರಾಗುತ್ತದೆ. ಬಾಗಿದ ಚೂರು ಒಂದು ಗುಳ್ಳೆಯ ಗೋಡೆ. ಮೂರು ಕವಲಿನದು ಮೂರು ಗುಳ್ಳೆ ಕೂಡಿದ ಜಾಗ. ಸಿಡಿತ ಜೋರಾದಷ್ಟೂ ಚೂರು ಸಣ್ಣದಾಗುತ್ತದೆ, ಉಸಿರಿನ ಮಟ್ಟಿಗೆ ಅಷ್ಟೇ ಕೆಟ್ಟದ್ದಾಗುತ್ತದೆ.

ಸುದ್ದಿಗಳಲ್ಲಿ ಪದೇ ಪದೇ ಆಗುವ ಒಂದು ತಪ್ಪನ್ನು ಇಲ್ಲಿ ಬಿಡಿಸಲೇಬೇಕು. ‘ಬೂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿಲಿಕಾ ಇದೆ, ಸಿಲಿಕೋಸಿಸ್ ಬರುತ್ತದೆ’ ಎಂದು ಬರೆಯುತ್ತಾರೆ. ಸಿಲಿಕಾ ಎಂದರೆ ಮರಳಿನ ಮುಖ್ಯ ವಸ್ತು, ಸಿಲಿಕೋಸಿಸ್ ಎಂದರೆ ಅದರ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ. ಸಿಲಿಕಾ ಇರುವುದು ನಿಜ. ಬಸಾಲ್ಟ್ ಎಂಬ ಕಪ್ಪು ಲಾವಾಕಲ್ಲಿನಲ್ಲಿ ನೂರಕ್ಕೆ 45ರಿಂದ 52 ಪಾಲು, ತಿಳಿಬಣ್ಣದ ರಯೋಲೈಟಿನಲ್ಲಿ 70 ಪಾಲು ಅಥವಾ ಹೆಚ್ಚು. ಆದರೆ ಅದು ಯಾವ ರೂಪದಲ್ಲಿದೆ ಎಂಬುದು ಮುಖ್ಯ. ಲೋನಾವಳಾದಿಂದ ತಂದ ಚಿಕ್ಕಿಯನ್ನೂ ದೇವರ ಮುಂದೆ ಇಡುವ ಕಲ್ಲುಸಕ್ಕರೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಾಕವನ್ನು ಬೇಗ ಆರಿಸಿದರೆ ಚಿಕ್ಕಿಯ ಹಾಗೆ ಗಾಜುಗಾಜಾಗಿ ನಿಲ್ಲುತ್ತದೆ, ಒಳಗಿನ ಅಣುಗಳಿಗೆ ಸಾಲಾಗಿ ಜೋಡಿಕೊಳ್ಳಲು ಸಮಯ ಸಿಗುವುದಿಲ್ಲ. ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆಯ ಹರಳು ಕಟ್ಟುತ್ತದೆ. ಸಿಲಿಕಾ ಕೂಡ ಹಾಗೆಯೇ. ಆಕಾಶಕ್ಕೆ ಚಿಮ್ಮಿ ಕ್ಷಣದಲ್ಲಿ ಆರಿದ ಬೂದಿಯಲ್ಲಿ ಅದರ ಬಹುಪಾಲು ಗಾಜಿನೊಳಗೆ, ಬೇರೆ ಧಾತುಗಳ ಜೊತೆ ಕಟ್ಟಿಹಾಕಿದಂತೆ ಇರುತ್ತದೆ. ಸಿಲಿಕೋಸಿಸ್ ತರುವುದು ಹರಳುಗಟ್ಟಿದ ಬಿಡಿ ಸಿಲಿಕಾ: ಕ್ವಾರ್ಟ್ಜ್, ಟ್ರಿಡಿಮೈಟ್, ಕ್ರಿಸ್ಟೊಬಲೈಟ್.

ಹರಳು ಕಟ್ಟಲು ಸಮಯ ಸಿಗುವ ಜ್ವಾಲಾಮುಖಿಗಳೂ ಇವೆ. ಕೆರಿಬಿಯನ್ನಿನ ಮಾಂಟ್‌ಸೆರಾಟ್ ದ್ವೀಪದ ಸೂಫ್ರಿಯೇರ್ ಹಿಲ್ಸ್ 1995ರಲ್ಲಿ ಎಚ್ಚೆತ್ತಿತು. ಅಲ್ಲಿನ ಲಾವಾ ಅಂಟಂಟು. ಹರಿದುಹೋಗದೆ ಬಾಯಿಯ ಮೇಲೆ ಗುಮ್ಮಟದಂತೆ ಕುಳಿತು ತಿಂಗಳುಗಟ್ಟಲೆ ಬಿಸಿಯಲ್ಲೇ ಬೇಯುತ್ತಿತ್ತು. ಅದರ ಸಂದಿಗಳಲ್ಲಿ ಕ್ರಿಸ್ಟೊಬಲೈಟ್ ಹರಳು ಬೆಳೆಯಿತು. ಗುಮ್ಮಟ ಕುಸಿದಾಗ ಎದ್ದ ಬೂದಿಯ 10 ಮೈಕ್ರಾನಿಗಿಂತ ಸಣ್ಣ ಪಾಲಿನಲ್ಲಿ ನೂರಕ್ಕೆ 10ರಿಂದ 24ರಷ್ಟು ಅದೇ ಇತ್ತು. 1980ರ ಮೇ 18ರಂದು ಸಿಡಿದ ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್ ಬೂದಿಯ ಉಸಿರಿಗೆ ಹೋಗುವಷ್ಟು ಸಣ್ಣ ಪಾಲಿನಲ್ಲಿ ಹರಳು ಸಿಲಿಕಾ 3ರಿಂದ 7ರಷ್ಟು. ಬಸಾಲ್ಟ್ ಬೂದಿಯಲ್ಲಿ ಅದು ತೀರ ಅತ್ಯಲ್ಪ.

ಹಾಗಾದರೆ ಬಸಾಲ್ಟ್ ಬೂದಿ ಸಾಧುವೇ? ಅಲ್ಲ. ಅದರಲ್ಲಿ ಕಬ್ಬಿಣ ಹೆಚ್ಚು. ಈಗಷ್ಟೇ ಒಡೆದ ಕಣದ ಮೈಮೇಲಿನ ಕಬ್ಬಿಣ ಶ್ವಾಸಕೋಶದ ಒದ್ದೆಯಲ್ಲಿ ಜೀವಕೋಶ ಸುಡುವಂಥ ಕ್ರಿಯಾಶೀಲ ಆಮ್ಲಜನಕವನ್ನು ಹುಟ್ಟಿಸಬಲ್ಲದು. ಜೊತೆಗೆ ಹೊಸ ಬೂದಿಯ ಮೈಗೆ ಗಂಧಕಾಮ್ಲ, ಹೈಡ್ರೋಕ್ಲೋರಿಕ್ ಆಮ್ಲ, ಫ್ಲೋರೈಡ್ ಲವಣಗಳ ತೆಳು ಲೇಪ ಅಂಟಿರುತ್ತದೆ. ಮೊದಲ ದಿನಗಳಲ್ಲಿ ಕಣ್ಣುರಿ, ಗಂಟಲುರಿ ತರುವುದು ಬಹುಮಟ್ಟಿಗೆ ಈ ಲೇಪ. ಒಂದೆರಡು ಮಳೆಗೆ ಅದು ತೊಳೆದುಹೋಗುತ್ತದೆ, ಚೂಪು ಕಣ ಮಾತ್ರ ಉಳಿಯುತ್ತದೆ.

ಮೂಗಿನಿಂದ ಗಾಳಿಚೀಲದವರೆಗೆ

ಒಳಗೆ ಹೋದ ಕಣ ಎಲ್ಲಿ ಇಳಿಯುತ್ತದೆ ಎಂಬುದನ್ನು ಗಾತ್ರವೇ ತೀರ್ಮಾನಿಸುತ್ತದೆ. 10 ಮೈಕ್ರಾನಿಗಿಂತ ದೊಡ್ಡದು ಮೂಗಿನ ಕೂದಲು, ಸಿಂಬಳ, ಗಂಟಲಿನಲ್ಲೇ ಸಿಕ್ಕಿಬೀಳುತ್ತದೆ. ಸೀನು, ಒಣಕೆಮ್ಮು, ಮೂಗು ಸೋರುವುದು ಅದರ ಪರಿಣಾಮ. 4ರಿಂದ 10 ಮೈಕ್ರಾನಿನದು ಶ್ವಾಸನಾಳ ಮತ್ತು ಅದರ ಕವಲುಗಳವರೆಗೆ ಇಳಿಯುತ್ತದೆ. ಅಲ್ಲಿ ಕಫದ ತೆಳು ಹಾಸೊಂದಿದೆ, ಕೆಳಗಿನ ರೋಮಗಳು ಅದನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಆರೋಗ್ಯವಂತರಲ್ಲಿ ಒಂದು ದಿನದೊಳಗೆ ಅಲ್ಲಿನ ಬಹುಪಾಲು ದೂಳು ಗಂಟಲಿಗೆ ಬಂದು, ನಮಗೆ ಗೊತ್ತಿಲ್ಲದಂತೆ ಹೊಟ್ಟೆಗೆ ಹೋಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಈ ರೋಮಗಳೇ ಸೋತಿರುತ್ತವೆ. ಅದೇ ದೂಳು, ಅದೇ ಜಾಗ, ಆದರೂ ಅವರಿಗೆ ಕೆಮ್ಮು ಜಾಸ್ತಿ ಏಕೆ ಎಂಬುದಕ್ಕೆ ಇಷ್ಟೇ ಉತ್ತರ.

4 ಮೈಕ್ರಾನಿಗಿಂತ ಸಣ್ಣದು ಕೊನೆಯ ಗಾಳಿಚೀಲಗಳನ್ನು ಮುಟ್ಟುತ್ತದೆ. ಒಂದೊಂದು ಚೀಲವೂ ಮಿಲಿಮೀಟರಿನ ಐದರಲ್ಲೊಂದು ಭಾಗದಷ್ಟು ಅಗಲ. ಅಂಥವು ಕೋಟಿಗಟ್ಟಲೆ, ಎಲ್ಲವನ್ನೂ ಬಿಡಿಸಿ ಹಾಸಿದರೆ ಒಂದು ಬ್ಯಾಡ್ಮಿಂಟನ್ ಅಂಗಳವನ್ನು ಹೆಚ್ಚುಕಡಿಮೆ ಮುಚ್ಚೀತು. ಅಲ್ಲಿ ರೋಮಗಳಿಲ್ಲ. ಕಾವಲಿಗೆ ಇರುವುದು ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು. ಅವು ಕಣವನ್ನು ನುಂಗಿ ಹೊರಸಾಗಿಸುತ್ತವೆ, ಅದಕ್ಕೆ ವಾರಗಳು, ತಿಂಗಳುಗಳು ಬೇಕು. ನುಂಗಿದ್ದು ಹರಳು ಸಿಲಿಕಾ ಆದರೆ ನುಂಗಿದ ಕೋಶವೇ ಸಾಯುತ್ತದೆ. ಕಣ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಪ್ರತಿ ಸಾವಿಗೂ ಸುತ್ತ ಉರಿಯೂತ, ಉರಿಯೂತ ಮಾಗಿದಲ್ಲಿ ಗಾಯದ ಕಲೆ. ವರ್ಷಗಟ್ಟಲೆ ಹೀಗಾದರೆ ಸ್ಪಂಜಿನಂತಿರಬೇಕಾದ ಶ್ವಾಸಕೋಶ ಗಂಟುಗಂಟಾಗುತ್ತದೆ. ಸಿಲಿಕೋಸಿಸ್ ಎಂದರೆ ಇದು. ಆ ಕಲೆಯನ್ನು ಅಳಿಸುವ ಔಷಧಿ ಇಲ್ಲ.

ಇಲ್ಲಿ ಕಾಲದ ಲೆಕ್ಕ ಬರುತ್ತದೆ. ಒಂದು ವಾರ, ಒಂದು ತಿಂಗಳು ಬೂದಿ ಬಿದ್ದ ಊರಿನಲ್ಲಿದ್ದವರಿಗೆ ಸಿಲಿಕೋಸಿಸ್ ಬರುವುದಿಲ್ಲ. ಅವರಿಗೆ ಬರುವುದು ಕೆಮ್ಮು, ಗಂಟಲುನೋವು, ಬ್ರಾಂಕೈಟಿಸ್. ಅಸ್ತಮಾ ಇದ್ದವರಿಗೆ ದಮ್ಮು ಕೆರಳುತ್ತದೆ. ಸೇಂಟ್ ಹೆಲೆನ್ಸ್ ಸಿಡಿದಾಗ ಆಸುಪಾಸಿನ ಆಸ್ಪತ್ರೆಗಳಿಗೆ ಉಬ್ಬಸದಿಂದ ಬಂದವರ ಸಂಖ್ಯೆ ಏರಿತ್ತು. ಬೂದಿಯ ನಡುವೆ ಮರ ಕಡಿಯುತ್ತಿದ್ದ ಕೆಲಸಗಾರರನ್ನು ನಾಲ್ಕು ವರ್ಷ ಪರೀಕ್ಷಿಸಿದಾಗ ಉಸಿರಿನ ಬಲ ಸ್ವಲ್ಪ ಕುಗ್ಗಿ, ಬೂದಿ ಕಡಿಮೆಯಾದ ಮೇಲೆ ಚೇತರಿಸಿಕೊಂಡದ್ದು ಕಂಡಿತು. ಆದರೆ ಜ್ವಾಲಾಮುಖಿಯ ಬುಡದಲ್ಲೇ ಇದ್ದವರ ಗತಿ ಬೇರೆ. ಅಂದು ಸತ್ತ 57 ಜನರಲ್ಲಿ ಶವಪರೀಕ್ಷೆಯಾದ ಹೆಚ್ಚಿನವರು ಬೂದಿಯಿಂದ ಉಸಿರು ಕಟ್ಟಿ ಸತ್ತವರು.

ಎಷ್ಟು ಕೆಲಸ ಮಾಡುತ್ತಿದ್ದೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ಕುಳಿತವರು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಸಲಿಕೆ ಹಿಡಿದು ಬೂದಿ ಎತ್ತುವವರು 40 ಲೀಟರ್, ಅದಕ್ಕೂ ಹೆಚ್ಚು, ಅದೂ ಬಾಯಿಯಿಂದ. ಮೂಗಿನ ಕಾವಲು ತಪ್ಪಿಹೋಯಿತು, ದೂಳು ಐದು ಪಟ್ಟಾಯಿತು. ಮಕ್ಕಳಿಗೆ ಅಪಾಯ ಹೆಚ್ಚಲು ಕಾರಣವೂ ಇದೇ: ಮೈತೂಕಕ್ಕೆ ಹೋಲಿಸಿದರೆ ಅವರು ಹೆಚ್ಚು ಗಾಳಿ ಎಳೆಯುತ್ತಾರೆ, ಓಡಾಡುತ್ತಾರೆ, ದೂಳೆದ್ದ ನೆಲಕ್ಕೆ ಹತ್ತಿರವಿರುತ್ತಾರೆ.

ಬೂದಿಯ ಜೊತೆ ಬರುವ ಅನಿಲದ ವಿಷಯ ಬೇರೆ. ಗಂಧಕದ ಡೈಆಕ್ಸೈಡ್ ಅಸ್ತಮಾ ಇದ್ದವರ ಶ್ವಾಸನಾಳವನ್ನು ನಿಮಿಷಗಳಲ್ಲಿ ಬಿಗಿಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಹತ್ತು ನಿಮಿಷದ ಮಿತಿಯನ್ನೇ ಬೇರೆಯಾಗಿ ಇಟ್ಟಿದೆ, ಘನಮೀಟರಿಗೆ 500 ಮೈಕ್ರೋಗ್ರಾಂ. ದೂಳಿನ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಬಿರುಕು ಎಂಟು ತಿಂಗಳು ಉಗುಳಿದ ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಯುರೋಪಿನವರೆಗೆ ಒಣಮಂಜಾಗಿ ಹಬ್ಬಿತ್ತು. ಬೂದಿಗಿಂತ ಅನಿಲ ದೂರ ಹೋಗಿ ಕಾಡಬಲ್ಲದು.

ಬೂದಿ ಬಿದ್ದಲ್ಲಿ ಇರಬೇಕಾಗಿ ಬಂದರೆ

ಮುಂಬೈಯಿಂದ, ಗೋವಾದಿಂದ ಹಡಗಿನ ಕೆಲಸಕ್ಕೆ ಹೋಗುವವರು, ಬಾಲಿಗೋ ಜಪಾನಿಗೋ ಪ್ರವಾಸ ಹೋಗುವವರು ಸುಡುಬೆಟ್ಟದ ನೆರಳಿನಲ್ಲಿ ನಾಲ್ಕು ದಿನ ಸಿಕ್ಕಿಕೊಳ್ಳುವುದು ದೂರದ ಮಾತಲ್ಲ. ಅವರಿಗೆ ಮೊದಲು ಬೇಕಾದದ್ದು ಸರಿಯಾದ ಮಾಸ್ಕ್.

ಒದ್ದೆ ಕರವಸ್ತ್ರ ಕಟ್ಟಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಇದೆ. ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ದುಪಟ್ಟಾ, ಕರವಸ್ತ್ರ, ಟೀಶರ್ಟ್ ಬಟ್ಟೆಗಳು ಸಣ್ಣ ಕಣದಲ್ಲಿ ಅರ್ಧವನ್ನೂ ತಡೆಯಲಿಲ್ಲ, ಒದ್ದೆ ಮಾಡಿದ್ದರಿಂದ ಅದು ಉತ್ತಮವೂ ಆಗಲಿಲ್ಲ. ಸರ್ಜಿಕಲ್ ಮಾಸ್ಕಿನ ಬಟ್ಟೆ ಚೆನ್ನಾಗಿ ಸೋಸುತ್ತದೆ, ಆದರೆ ಕೆನ್ನೆಯ ಬದಿಯ ಸಂದಿಯಿಂದ ಗಾಳಿ ನುಗ್ಗುತ್ತದೆ. ಬೇರೆ ಸಿಗದಿದ್ದರೆ ಅದರ ಮೇಲೆ ಒಂದು ಬಟ್ಟೆ ಬಿಗಿದು ಸಂದಿ ಮುಚ್ಚಿ. ಸರಿಯಾದದ್ದು ಎನ್95 ಅಥವಾ ಯುರೋಪಿನಲ್ಲಿ ಅದಕ್ಕೆ ಸಮನಾದ ಎಫ್‌ಎಫ್‌ಪಿ2.

ಹಾಕುವ ಕ್ರಮದಲ್ಲೇ ಅದರ ಅರ್ಧ ಬೆಲೆ ಇದೆ. ಎರಡು ಪಟ್ಟಿಗಳಲ್ಲಿ ಮೇಲಿನದು ಕಿವಿಗಿಂತ ಮೇಲೆ, ತಲೆಯ ಹಿಂಭಾಗದ ಎತ್ತರದಲ್ಲಿ ಕೂರಬೇಕು. ಕೆಳಗಿನದು ಕಿವಿಯ ಕೆಳಗೆ ಕತ್ತಿನ ಸುತ್ತ. ಎರಡನ್ನೂ ಕತ್ತಿನಲ್ಲೇ ಬಿಟ್ಟರೆ ಗಲ್ಲದ ಬಳಿ ಬಾಯಿ ತೆರೆಯುತ್ತದೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ನಡುವಿನಿಂದ ಅಂಚಿಗೆ ಒತ್ತಬೇಕು. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬಿದ್ದು ಸಂದಿ ಉಳಿಯುತ್ತದೆ. ಆಮೇಲೆ ಎರಡು ಅಂಗೈ ಮಾಸ್ಕಿನ ಮೇಲಿಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ ಮೂಗಿನ ಬಳಿ ಸೋರುತ್ತಿದೆ. ಗಡ್ಡ ಇದ್ದರೆ ಯಾವ ಎನ್95 ಕೂಡ ಕೂರುವುದಿಲ್ಲ. ಕೊರೋನಾ ಕಾಲದಲ್ಲಿ ಬೇಡವೆಂದಿದ್ದ ಕವಾಟದ ಮಾಸ್ಕ್ ದೂಳಿಗೆ ಆಗಬಹುದು, ಏಕೆಂದರೆ ಇಲ್ಲಿ ತಡೆಯಬೇಕಾದದ್ದು ಒಳಬರುವುದನ್ನು ಮಾತ್ರ. ಎಳೆಯುವಾಗ ಉಸಿರು ಭಾರವಾದರೆ ದೂಳು ತುಂಬಿದೆ ಎಂದರ್ಥ, ಬದಲಿಸಿ. ಪುಟ್ಟ ಮಕ್ಕಳ ಮುಖಕ್ಕೆ ಇವು ಹೊಂದುವುದಿಲ್ಲ, ಅವರನ್ನು ಒಳಗೆ ಇರಿಸುವುದೇ ದಾರಿ.

ಮನೆಯೊಳಗೆ ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಸಾಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಬೇಡಿ. ಅದು ಒಳಗಿನ ಗಾಳಿ ಹೊರದೂಡಿದಷ್ಟೂ ಕಿಟಕಿಯ ಸಂದಿಯಿಂದ ಹೊರಗಿನ ದೂಳು ಒಳಗೆ ಎಳೆದುಕೊಳ್ಳುತ್ತದೆ. ಕೂಲರ್ ಹೊರಗಿನ ಗಾಳಿಯನ್ನೇ ಎಳೆಯುವ ಯಂತ್ರ, ಅದೂ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಜನರೇಟರ್ ಮಾತ್ರ ಎಂದಿಗೂ ಹಚ್ಚಬಾರದು. ಬೂದಿಗಿಂತ ಬೇಗ ಅದರ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ, ಲೆನ್ಸಿನ ಅಡಿಗೆ ಸಿಕ್ಕ ಕಣ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯನ್ನು ಗೀರುತ್ತದೆ.

ಗುಡಿಸುವಾಗ ಆಗುವ ತಪ್ಪೇ ಹೆಚ್ಚಿನವರ ಕೆಮ್ಮಿಗೆ ಕಾರಣ. ಒಣ ಬೂದಿಗೆ ಪೊರಕೆ ಹಾಕಿದರೆ ಕೂತಿದ್ದ ಸಣ್ಣ ಕಣವೆಲ್ಲ ಮತ್ತೆ ಮುಖದ ಎತ್ತರಕ್ಕೆ ಏಳುತ್ತದೆ. ಪೈಪಿನಿಂದ ನೀರು ಬಿಟ್ಟರೆ ಇನ್ನೊಂದು ಕಷ್ಟ: ಕೆಸರಾಗಿ ಚರಂಡಿ ಸೇರಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನಡುವಿನ ದಾರಿ ಎಂದರೆ ಅಂಗಳಕ್ಕೆ ನೀರು ಚಿಮುಕಿಸಿದ ಹಾಗೆ ಕೈಯಿಂದ ಚಿಮುಕಿಸುವುದು. ಮೇಲ್ಮೈ ಬಣ್ಣ ಗಾಢವಾದರೆ ಸಾಕು, ಹರಿಯಬಾರದು. ಆಮೇಲೆ ಸಲಿಕೆಯಿಂದ ಬಾಚಿ ಗಟ್ಟಿ ಚೀಲಕ್ಕೆ ತುಂಬಿ, ಅರ್ಧಕ್ಕೇ ನಿಲ್ಲಿಸಿ. ಒಂದು ಸೆಂಟಿಮೀಟರ್ ಒಣ ಬೂದಿ ಚದರ ಮೀಟರಿಗೆ 4ರಿಂದ 7 ಕಿಲೋ ತೂಗುತ್ತದೆ. ಹತ್ತಡಿ ಉದ್ದ, ನಾಲ್ಕಡಿ ಅಗಲದ ಬಾಲ್ಕನಿಯಲ್ಲೇ 15ರಿಂದ 26 ಕಿಲೋ ಆಯಿತು. ತಗಡು, ಹಂಚಿನ ಮಾಡು ಹತ್ತಲೇಬೇಡಿ. ಹತ್ತು ಸೆಂಟಿಮೀಟರ್ ಬೂದಿ ಮಳೆಗೆ ನೆನೆದರೆ ಚದರ ಮೀಟರಿಗೆ 100 ಕಿಲೋ ದಾಟುತ್ತದೆ. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಸಿಡಿದ ದಿನವೇ ಚಂಡಮಾರುತ ಬಂದು, ಒದ್ದೆ ಬೂದಿಯ ಭಾರಕ್ಕೆ ಮಾಡು ಕುಸಿದು ಬಹಳ ಜನ ಸತ್ತರು.

ಅಸ್ತಮಾ ಇದ್ದವರು ದಿನನಿತ್ಯದ ಇನ್ಹೇಲರ್ ತಪ್ಪಿಸಬಾರದು, ತಕ್ಷಣ ಉಪಶಮನ ಕೊಡುವುದನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಅದರ ಗುಣ ನಾಲ್ಕು ತಾಸೂ ನಿಲ್ಲದಿದ್ದರೆ, ಒಂದು ಮಾತು ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಮನೆಯಲ್ಲಿ ಕಾಯುವ ಹೊತ್ತಲ್ಲ, ಆಸ್ಪತ್ರೆಗೆ ಹೋಗಬೇಕು.

ಕಾಲಡಿಯ ಹಳೆಯ ಲಾವಾ

ಮುಂಬೈ, ಪುಣೆಯ ಜನ ನಿಂತಿರುವುದೇ ಲಾವಾದ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಡೆಕ್ಕನ್ ಟ್ರ್ಯಾಪ್ ಎಂಬ ಬಸಾಲ್ಟ್ ಲಾವಾ ಇಂದಿಗೂ 5 ಲಕ್ಷ ಚದರ ಕಿ.ಮೀ.ಯಷ್ಟು ಹರಡಿಕೊಂಡಿದೆ. ಅಂಧೇರಿಯಲ್ಲಿ ಮನೆಗಳ ನಡುವೆ ಕಂಬಕಂಬವಾಗಿ ನಿಂತ ಗಿಲ್ಬರ್ಟ್ ಹಿಲ್, ಘಾರಾಪುರಿಯ (ಎಲಿಫೆಂಟಾ) ಗುಹೆ, ಪುಣೆಯ ಪಾತಾಳೇಶ್ವರ ಎಲ್ಲವೂ ಆ ಕಲ್ಲೇ. ವಿಜಯಪುರ, ಬೀದರಿನ ಎರೆಮಣ್ಣು ಅದೇ ಕಲ್ಲು ಪುಡಿಯಾಗಿ ಆದದ್ದು. ಗೋವಾದಲ್ಲಿ ಮಾತ್ರ ಅದು ಈಶಾನ್ಯದ ಅಂಚಿಗಷ್ಟೇ ತಾಗುತ್ತದೆ, ಉಳಿದಂತೆ ಅಲ್ಲಿ ಹಳೆಯ ಶಿಲೆ, ಜಂಬಿಟ್ಟಿಗೆ.

ಈ ಕರಿಕಲ್ಲನ್ನು ಕ್ರಷರಿಗೆ ಹಾಕಿದಾಗ ಏಳುವ ದೂಳು ಜ್ವಾಲಾಮುಖಿ ಬೂದಿಯ ದೂರದ ನೆಂಟ. ಹರಿದು ನಿಧಾನ ಆರಿದ್ದರಿಂದ ಗಾಜು ಕಡಿಮೆ, ಆದರೆ ಕಲ್ಲಿನೊಳಗೆ ಬಿಡಿ ಕ್ವಾರ್ಟ್ಜ್ ಇಲ್ಲವೆನ್ನುವಷ್ಟು ಕಡಿಮೆ. ಲಾವಾದ ಹಳೆಯ ಗುಳ್ಳೆಗಳಲ್ಲಿ ಮಾತ್ರ ನೀರು ಇಳಿದು ಹರಳು ಕಟ್ಟಿರುತ್ತದೆ. ಪುಣೆ ಬಳಿಯ ವಾಘೋಲಿಯ ಕಲ್ಲುಗಣಿಗಳಲ್ಲಿ ಸಿಗುವ ಕ್ಯಾವನ್ಸೈಟ್ ಎಂಬ ಕಡುನೀಲಿ ಹರಳು ಜಗತ್ತಿಗೇ ಗೊತ್ತು. ಅಂಥ ಗುಳ್ಳೆಗಳಲ್ಲೇ ಕ್ವಾರ್ಟ್ಜ್, ಅಗೇಟ್ ಕೂಡ ಇರುತ್ತವೆ. ಆದ್ದರಿಂದ ಕ್ರಷರಿನ ದೂಳು ನಿರಪಾಯವಲ್ಲ. ಆದರೆ ಇದಕ್ಕಿಂತ ಬಹಳ ಕೆಟ್ಟದ್ದು ಕಟ್ಟಡದೊಳಗಿದೆ.

ನೆಲಕ್ಕೆ, ಅಡುಗೆಕಟ್ಟೆಗೆ ಹಾಕುವ ಗ್ರಾನೈಟಿನಲ್ಲಿ, ನಮ್ಮ ಇಳಕಲ್ಲಿನ ಕೆಂಪು ಕಲ್ಲೂ ಸೇರಿದಂತೆ, ಐದರಲ್ಲೊಂದು ಪಾಲಿಗೂ ಹೆಚ್ಚು ಹರಳು ಕ್ವಾರ್ಟ್ಜ್. ಈಗ ಫ್ಯಾಷನ್ ಆಗಿರುವ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ ಅದು ನೂರಕ್ಕೆ 90 ದಾಟಬಹುದು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದ್ದು ಕೊಯ್ಯುವ ಯುವಕರಿಗೆ ಸಿಲಿಕೋಸಿಸ್ ಬಂದದ್ದರಿಂದ. ಗಾಳಿಯಲ್ಲಿರುವ ಹರಳು ಸಿಲಿಕಾ ದೂಳಿಗೆ ಅಮೆರಿಕದ ಕಾನೂನು ಎಂಟು ತಾಸಿನ ಪಾಳಿಗೆ ಇಟ್ಟ ಮಿತಿ ಘನಮೀಟರಿಗೆ 50 ಮೈಕ್ರೋಗ್ರಾಂ. ಒಂದು ಉಪ್ಪಿನ ಹರಳಿನ ತೂಕ ಹೆಚ್ಚುಕಡಿಮೆ ಅಷ್ಟೇ. ಆ ಒಂದು ಹರಳಿನಷ್ಟನ್ನು ಪುಡಿ ಮಾಡಿ ಮೂರಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆಗಿಂತ ತುಸು ದೊಡ್ಡ ಜಾಗದಲ್ಲಿ ಹರಡಿದರೆ ಮಿತಿ ಮುಟ್ಟಿತು. ಕೋಣೆಯೊಳಗೆ ಕೂತು ಒಣ ಗ್ರಾನೈಟಿಗೆ ಹ್ಯಾಂಡ್ ಕಟರ್ ಹಚ್ಚಿದಾಗ ಏಳುವ ಬಿಳಿ ಮೋಡದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ಆ ಕಟರ್ ಹಿಡಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರಿನಿಂದ ಬಂದವರು ಬಹಳ. ಬೆಳಗ್ಗೆ ನಾಕಾದಲ್ಲಿ ನಿಂತು ಕೆಲಸ ಹಿಡಿಯುವ ಇವರಿಗೆ ಎನ್95 ಯಾರೂ ಕೊಡುವುದಿಲ್ಲ. ತಲೆಗೆ ಸುತ್ತಿದ ಟವೆಲನ್ನೇ ಮೂಗಿಗೆ ಎಳೆದುಕೊಳ್ಳುತ್ತಾರೆ. ಟವೆಲು ದಪ್ಪ ಕಣ ತಡೆದು ಮೂಗಿಗೆ ಹಿತವೆನಿಸುತ್ತದೆ, ಗಾಳಿಚೀಲಕ್ಕೆ ಹೋಗುವ ಸಣ್ಣದನ್ನು ಬಿಟ್ಟುಬಿಡುತ್ತದೆ. ಮನೆ ಕೆಲಸ ಮಾಡಿಸುವವರು ಇಲ್ಲಿ ಒಂದು ಬದಲಾವಣೆ ತರಬಹುದು, ಖರ್ಚೂ ಹೆಚ್ಚಿಲ್ಲ. ಕೊಯ್ಯುವಾಗ ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನಿಮಿಷಕ್ಕೆ ಅರ್ಧ ಲೀಟರಿನಷ್ಟು ನೀರು ಸತತವಾಗಿ ಬೀಳಬೇಕು. ನೀರಿನ ಕೊಳವೆ ಇರುವ ಕಟರ್ ಆದರೆ ಒಳ್ಳೆಯದು, ಇಲ್ಲದಿದ್ದರೆ ಮುಚ್ಚಳಕ್ಕೆ ತೂತು ಕೊರೆದ ಬಾಟಲಿ ಹಿಡಿದು ಇನ್ನೊಬ್ಬರು ಸುರಿಯಬೇಕು. ಮೊದಲೇ ಕಲ್ಲು ನೆನೆಸಿಟ್ಟರೆ ಸಾಲದು, ಬ್ಲೇಡು ಒಳಗಿಳಿದಂತೆ ಹೊಸ ಒಣಕಲ್ಲು ಸಿಗುತ್ತದೆ. ನೀರು, ಕರೆಂಟು ಒಟ್ಟಿಗಿರುವ ಕಾರಣ ಲೈನಿಗೆ ಇಎಲ್‌ಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್, ಇರಲೇಬೇಕು. ಕೊಯ್ದ ಮೇಲಿನ ಬಿಳಿ ಕೆಸರನ್ನು ಒದ್ದೆಯಿದ್ದಾಗಲೇ ಬಾಚಿ ತೆಗೆಯಿರಿ. ಒಣಗಲು ಬಿಟ್ಟರೆ ನಾಳೆ ಪೊರಕೆಗೆ ಅದೇ ದೂಳು.

ಇನ್ನೊಂದು ಅನ್ಯಾಯ ಆಸ್ಪತ್ರೆಯಲ್ಲಿ ಆಗುತ್ತದೆ. ಸಿಲಿಕೋಸಿಸ್ಸಿನ ಕೆಮ್ಮು, ತೂಕ ಇಳಿಯುವುದು, ಎಕ್ಸರೇಯ ಕಲೆ ಎಲ್ಲವೂ ಕ್ಷಯದ ಹಾಗೆ ಕಾಣುತ್ತವೆ. ಸಿಲಿಕಾ ಹೊಕ್ಕ ಎದೆಗೆ ಕ್ಷಯ ಬರುವ ಸಂಭವವೂ ಹೆಚ್ಚು. ಹಾಗಾಗಿ ಕ್ಷಯದ ಗುಳಿಗೆ ಮತ್ತೆ ಮತ್ತೆ ನುಂಗಿಯೂ ಉಸಿರು ಸರಿಹೋಗದವರು ಇದ್ದಾರೆ. ಸಿಲಿಕೋಸಿಸ್ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಔದ್ಯೋಗಿಕ ಕಾಯಿಲೆ, ಪರಿಹಾರದ ಹಕ್ಕೂ ಅದರ ಜೊತೆ ಬರುತ್ತದೆ. ಆದರೆ ವೈದ್ಯರು ಕೇಳದಿದ್ದರೆ ಕೆಲಸದ ವಿಷಯ ಚೀಟಿಗೆ ಏರುವುದೇ ಇಲ್ಲ. ಆದ್ದರಿಂದ ಜೊತೆಗೆ ಹೋದವರು ಮರಾಠಿಯಲ್ಲೋ ಹಿಂದಿಯಲ್ಲೋ ತಾವೇ ಹೇಳಬೇಕು: ಯಾವ ಕಲ್ಲು ಕೊಯ್ಯುತ್ತಿದ್ದರು, ಎಷ್ಟು ವರ್ಷ, ದಿನಕ್ಕೆ ಎಷ್ಟು ತಾಸು, ಒಣ ಕೊಯ್ತವೋ ನೀರು ಬಿಟ್ಟು ಕೊಯ್ತವೋ, ಕೋಣೆಯೊಳಗೋ ಬಯಲಲ್ಲೋ. ಇಷ್ಟನ್ನು ಕೇಸ್ ಪೇಪರಿನಲ್ಲಿ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಎಕ್ಸರೇ ಜೊತೆಗೆ ಮನೆಯಲ್ಲಿ ಇಟ್ಟುಕೊಳ್ಳಿ.